ಎರಿ ಮಣ್ಣಿನಂಗ ಉಬ್ಬುವ ಸಿಲಿಕಾನ್

ಹೊಸ ಫೋನಿನ ಜಾಹೀರಾತು ನೋಡುವವರಿಗೆಲ್ಲ ಈಗ 'ಸಿಲಿಕಾನ್-ಕಾರ್ಬನ್ ಬ್ಯಾಟರಿ' ಅನ್ನೋ ಪದ ಪರಿಚಯ ಆಗಿದೆ. 2023ರಲ್ಲಿ ಆನರ್ ಕಂಪನಿ ಚೀನಾದಲ್ಲಿ ಬಿಟ್ಟ ಮ್ಯಾಜಿಕ್ 5 ಪ್ರೊ ಫೋನಿನಿಂದ ಈ ಮಾತು ಜೋರಾಯ್ತು. ಆಮೇಲೆ ಒಂದೊಂದೇ ಕಂಪನಿ ಅದೇ ದಾರಿ ಹಿಡೀತು. ಒನ್‌ಪ್ಲಸ್ 12ರಲ್ಲಿ 5400 ಎಂಎಎಚ್ ಇದ್ದ ಬ್ಯಾಟರಿ ಒನ್‌ಪ್ಲಸ್ 13ಕ್ಕೆ ಬರುವಾಗ 6000 ಆಯ್ತು, ಫೋನು ಮಾತ್ರ ದಪ್ಪ ಆಗಲಿಲ್ಲ.

ಇನ್ನೊಂದು ಕಡೆ ಯಾವ ವಿಡಿಯೊ ತೆಗೆದರೂ ಒಂದೇ ಮಾತು: ಸಿಲಿಕಾನ್ ಗ್ರಾಫೈಟಿಗಿಂತ ಹತ್ತು ಪಟ್ಟು ಚಾರ್ಜ್ ಹಿಡಿಯುತ್ತದೆ. ಹತ್ತು ಪಟ್ಟು ಅಂದ್ರೆ 5400 ಇದ್ದದ್ದು 54,000 ಆಗಬೇಕಿತ್ತು. ಆದದ್ದು 6000, ಅಂದರೆ ಶೇ. 11 ಮಾತ್ರ ಜಾಸ್ತಿ. ಹತ್ತು ಪಟ್ಟು ಅನ್ನೋದು ಸುಳ್ಳಾ? ಅಲ್ಲ, ಅದು ನಿಜವೇ. ಹಾಗಾದ್ರೆ ಉಳಿದದ್ದು ಎಲ್ಲಿ ಹೋಯ್ತು? ಈ ಲೇಖನದಲ್ಲಿ ನಾವು ಹುಡುಕ್ತಿರೋದು ಅದನ್ನೇ. ಉತ್ತರದ ಅರ್ಧ ಭಾಗ ನಮ್ಮ ನವಲಗುಂದ, ಅಣ್ಣಿಗೇರಿ ಕಡೆಯ ಹೊಲದಲ್ಲೇ ಕಾಣ್ತದೆ.

ನಾಲ್ಕು ರೂಮಿಗೆ ಹದಿನೈದು ಮಂದಿ

ಬ್ಯಾಟರಿ ಒಳಗೆ ಏನಾಗ್ತದೆ ಅನ್ನೋದು ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಎಲ್ಲ ಬ್ರಾಂಚಿನವರಿಗೂ ಬಂದು ಹೋಗಿದೆ. ಎಕ್ಸಾಮ್ ಮುಗಿದ ಮೇಲೆ ಎಷ್ಟು ಉಳಿದಿದೆಯೋ ಅದು ಬೇರೆ ಮಾತು, ಅದಕ್ಕೇ ಒಂದು ಸಲ ನೆನಪಿಸಿಕೊಳ್ಳೋಣ. ಒಂದು ಕಡೆ ಕ್ಯಾಥೋಡ್, ಇನ್ನೊಂದು ಕಡೆ ಆ್ಯನೋಡ್, ನಡುವೆ ಎಲೆಕ್ಟ್ರೊಲೈಟ್ ದ್ರವ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಕ್ಯಾಥೋಡ್ ಬಿಟ್ಟು ಆ್ಯನೋಡಿಗೆ ಹೋಗಿ ಕೂತ್ಕೋತಾವೆ, ಬಳಸುವಾಗ ವಾಪಸ್ ಬರ್ತಾವೆ. ಅಂದರೆ ಆ್ಯನೋಡು ಲಿಥಿಯಂಗೆ ಹಾಸ್ಟೆಲ್ ಇದ್ದಂಗ.

1991ರಲ್ಲಿ ಸೋನಿ ಕಂಪನಿ ಮೊದಲ ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ತಂದಾಗಿನಿಂದ ಈ ಹಾಸ್ಟೆಲ್ ಕಟ್ಟಿರೋದು ಹೆಚ್ಚುಕಡಿಮೆ ಇಂಗಾಲದಿಂದಲೇ. ಇವತ್ತು ಬಹುತೇಕ ಎಲ್ಲ ಕಡೆ ಗ್ರಾಫೈಟ್. ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಭಾಗದಲ್ಲೂ ಎಪ್ಸಿಲಾನ್ ಅನ್ನೋ ಕಂಪನಿ ಕೋಲ್ ಟಾರ್‌ನಿಂದ ಗ್ರಾಫೈಟ್ ಆ್ಯನೋಡ್ ಸಾಮಗ್ರಿ ಮಾಡುವ ಕೆಲಸಕ್ಕೆ ಇಳಿದಿದೆ. ಗ್ರಾಫೈಟಿನ ರಚನೆ ಜೋಳದ ರೊಟ್ಟಿ ಒಂದರ ಮೇಲೊಂದು ಪೇರಿಸಿಟ್ಟಂಗ ಪದರ ಪದರ. ಲಿಥಿಯಂ ಈ ಪದರಗಳ ನಡುವೆ ಜಾರಿ ಕೂತ್ಕೋತದೆ. ಆರು ಇಂಗಾಲದ ಪರಮಾಣು ಸೇರಿ ಒಂದು ಲಿಥಿಯಂಗೆ ಜಾಗ ಕೊಡ್ತಾವೆ. ಹಾಸ್ಟೆಲ್ ಭಾಷೆಯಲ್ಲಿ ಆರು ರೂಮಿಗೆ ಒಬ್ಬ. ಆರಾಮಾಗಿ ಬರ್ತಾನೆ, ಆರಾಮಾಗಿ ಹೋಗ್ತಾನೆ, ಗೋಡೆಗೆ ಏನೂ ಆಗೋದಿಲ್ಲ. ಹೀಗೆ ಗ್ರಾಫೈಟ್ ಹಿಡಿಯುವ ಗರಿಷ್ಠ ಚಾರ್ಜ್ ಗ್ರಾಂಗೆ 372 ಎಂಎಎಚ್.

ಸಿಲಿಕಾನಿನದು ಬೇರೆ ರೀತಿ. ಅಲ್ಲಿ ಪದರ ಇಲ್ಲ. ಲಿಥಿಯಂ ಒಳಗೆ ಬಂದರೆ ಸಿಲಿಕಾನ್-ಸಿಲಿಕಾನ್ ಬಂಧಗಳೇ ಮುರಿದು ಎರಡೂ ಸೇರಿ ಮಿಶ್ರಲೋಹ ಆಗ್ತದೆ. ಪೂರ್ತಿ ತುಂಬಿದಾಗ ನಾಲ್ಕು ಸಿಲಿಕಾನಿಗೆ ಹದಿನೈದು ಲಿಥಿಯಂ. ನಾಲ್ಕು ರೂಮಿಗೆ ಹದಿನೈದು ಮಂದಿ! ಇದರಿಂದ ಸಿಗೋದು ಗ್ರಾಂಗೆ ಸುಮಾರು 3579 ಎಂಎಎಚ್. ಹತ್ತು ಪಟ್ಟು ಅನ್ನೋ ಮಾತು ಹುಟ್ಟಿದ್ದು ಇಲ್ಲಿಂದ.

ಅಷ್ಟು ಮಂದಿ ಬಂದರೆ ಕಟ್ಟಡ ಏನಾಗಬೇಕು? ಪೂರ್ತಿ ಚಾರ್ಜ್ ಆದಾಗ ಗ್ರಾಫೈಟ್ ಉಬ್ಬೋದು ಶೇ. 10ರ ಆಸುಪಾಸು. ಸಿಲಿಕಾನ್ ಉಬ್ಬೋದು ಶೇ. 300ರ ಆಸುಪಾಸು, ಅಂದರೆ ಮೊದಲಿದ್ದದ್ದರ ಹತ್ತಿರ ಹತ್ತಿರ ನಾಲ್ಕು ಪಟ್ಟು ಗಾತ್ರ. ಬಳಸಿದಾಗ ಮತ್ತೆ ಕುಗ್ಗುತ್ತದೆ. ದಿನಾ ಚಾರ್ಜ್ ಮಾಡಿದರೆ ದಿನಾ ಇದೇ.

ಎರಿ ಹೊಲದ ಪಾಠ

ಧಾರವಾಡದಿಂದ ಪೂರ್ವಕ್ಕೆ ಹೋದಂಗ ಮಣ್ಣು ಕಪ್ಪಾಗ್ತಾ ಹೋಗ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಎಲ್ಲ ಎರಿ ಭೂಮಿ. ಮಳೆ ಬಿದ್ದರೆ ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬ್ಯಾಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿಯ ಪದರಗಳ ನಡುವೆ ನೀರು ಹೊಕ್ಕು ಹೊರಗೆ ಬರೋದೇ ಇದಕ್ಕೆ ಕಾರಣ. ಎರಿ ಮಣ್ಣಿನ ಮೇಲೆ ವಿಚಾರ ಮಾಡದೆ ಕಟ್ಟಿದ ಮನೆಗೆ ಗೋಡೆ ಬಿರುಕು ತಪ್ಪಿದ್ದಲ್ಲ. ಸಿವಿಲ್ ಬ್ರಾಂಚಿನ ಗೆಳೆಯರಿಗೆ ಇದು ಹೊಸದೇನಲ್ಲ.

ಮಲಪ್ರಭಾ ಬಲದಂಡೆ ಕಾಲುವೆ ಇದೇ ಎರಿ ಸೀಮೆಯಲ್ಲಿ ಹಾದುಹೋಗ್ತದೆ. ಕಾಲುವೆಯ ಕಾಂಕ್ರೀಟ್ ಹೊದಿಕೆಯನ್ನು ಕೆಳಗಿನ ಮಣ್ಣು ಎತ್ತಿ ಒಡೆಯದಂತೆ ಮಾಡಲು ಇಲ್ಲಿ ಬಳಸಿದ ದಾರಿ ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿಯವರು ರೂಪಿಸಿದ್ದು. ಎರಿ ಮಣ್ಣಿಗೂ ಕಾಂಕ್ರೀಟಿಗೂ ನಡುವೆ ಅಂಟುಗುಣ ಇರುವ, ಆದರೆ ತಾನು ಉಬ್ಬದ ಮಣ್ಣಿನ ಒಂದು ಪದರ ಹಾಕಿ ಗಟ್ಟಿ ಮಾಡೋದು. ಮಣ್ಣಿನ ಸ್ವಭಾವ ಬದಲಿಸುವ ಪ್ರಯತ್ನ ಇದರಲ್ಲಿಲ್ಲ. ಉಬ್ಬುವುದಕ್ಕೂ ಒಡೆಯುವ ವಸ್ತುವಿಗೂ ನಡುವೆ ಒಂದು ಮಧ್ಯಸ್ಥ ಪದರ ಇಡೋದು, ಅಷ್ಟೇ.

ಸಿಲಿಕಾನ್ ಆ್ಯನೋಡಿನ ಮೇಲೆ ಇಷ್ಟು ವರ್ಷ ನಡೆದ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳು ಅಂದ್ರೆ ನಾವು ಇದನ್ನೇ ಹೇಳ್ತೀವಿ. ಸಿಲಿಕಾನ್ ಉಬ್ಬೋದನ್ನು ಯಾರೂ ನಿಲ್ಲಿಸಿಲ್ಲ, ನಿಲ್ಲಿಸೋಕೂ ಆಗೋದಿಲ್ಲ. ಯಾಕಂದ್ರೆ ಲಿಥಿಯಂ ಹಿಡಿಯೋದು, ಉಬ್ಬೋದು ಎರಡೂ ಒಂದೇ ಕ್ರಿಯೆ. ಉಬ್ಬಿದರೂ ಸುತ್ತಮುತ್ತ ಒಡೆಯದಂಗ ನೋಡ್ಕೊಳ್ಳೋದೇ ಇಲ್ಲಿನ ಎಂಜಿನಿಯರಿಂಗ್.

ಕೆನೆ ಮತ್ತು ಕ್ಯಾಲ್ಕುಲೇಟರ್

ಉಬ್ಬಿ ಕುಗ್ಗಿದರೆ ಮೂರು ತೊಂದರೆ. ಒಂದು, ಸಿಲಿಕಾನ್ ಕಣ ಬಿರುಕು ಬಿಟ್ಟು ಪುಡಿ ಆಗ್ತದೆ. ಎರಡು, ಪುಡಿ ಆದದ್ದು ಕೆಳಗಿನ ತಾಮ್ರದ ಹಾಳೆಯ ಸಂಪರ್ಕ ಕಳಕೊಳ್ತದೆ. ಕರೆಂಟ್ ಮುಟ್ಟದ ಸಿಲಿಕಾನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮೂರನೆಯದು ಕಣ್ಣಿಗೆ ಕಾಣೋದಿಲ್ಲ, ಆದರೆ ಎಲ್ಲಕ್ಕಿಂತ ಕೆಟ್ಟದ್ದು. ಮೊದಲ ಸಲ ಚಾರ್ಜ್ ಮಾಡಿದಾಗ ಎಲೆಕ್ಟ್ರೊಲೈಟಿನ ಸ್ವಲ್ಪ ಭಾಗ ಆ್ಯನೋಡಿನ ಮೇಲ್ಮೈಯಲ್ಲಿ ಒಡೆದು ಒಂದು ತೆಳು ಪೊರೆ ಆಗ್ತದೆ. ಇದಕ್ಕೆ ಎಸ್‌ಇಐ ಅಂತಾರೆ. ಗ್ರಾಫೈಟಿನಲ್ಲಿ ಈ ಪೊರೆ ಒಳ್ಳೇದೇ. ಒಮ್ಮೆ ಕಟ್ಟಿತು ಅಂದ್ರೆ ಕೆಳಗಿನದನ್ನು ಕಾಪಾಡ್ತದೆ. ಹಾಲಿನ ಮೇಲಿನ ಕೆನೆ ನೆನಪು ಮಾಡ್ಕೊಳ್ರಿ. ಕದಡದೆ ಬಿಟ್ಟರೆ ಒಂದೇ ಪದರ. ಕೆನೆ ತೆಗೆದು ಮತ್ತೆ ಕಾಸಿದರೆ ಮತ್ತೆ ಕೆನೆ, ತೆಗೆದಷ್ಟೂ ಕೆಳಗಿನ ಹಾಲು ಕಡಿಮೆ. ಸಿಲಿಕಾನ್ ಪ್ರತಿ ಸಲ ಉಬ್ಬಿದಾಗ ಪೊರೆ ಹರೀತದೆ, ಹೊಸ ಮೇಲ್ಮೈ ತೆರೀತದೆ, ಅಲ್ಲಿ ಮತ್ತೆ ಪೊರೆ ಕಟ್ಟುತ್ತದೆ. ಪ್ರತಿ ಪೊರೆಯೂ ಸ್ವಲ್ಪ ಲಿಥಿಯಂ ತಿಂದು ಹಾಕ್ತದೆ. ಸೆಲ್ಲಿನಲ್ಲಿ ಲಿಥಿಯಂ ಇರೋದು ಮೊದಲೇ ಅಳತೆ ಮಾಡಿ ಹಾಕಿದಷ್ಟು ಮಾತ್ರ.

ಈಗ ಕ್ಯಾಲ್ಕುಲೇಟರ್ ತಗೊಳ್ರಿ. ಒಂದು ಸಲ ಹೋಗಿಬಂದ 100 ಲಿಥಿಯಂನಲ್ಲಿ 99 ವಾಪಸ್ ಬಂದವು ಅಂದ್ಕೊಳ್ಳೋಣ. ಶೇ. 99! ಇಂಟರ್ನಲ್ಸಿನಲ್ಲಿ ಬಂದರೆ ಪಾರ್ಟಿ ಕೊಡುವಷ್ಟು. ಆದರೆ 0.99ರ ಘಾತ 100 ಅಂದ್ರೆ 0.37. ನೂರು ಸಲ ಚಾರ್ಜ್ ಮಾಡುವಷ್ಟರಲ್ಲಿ ಬ್ಯಾಟರಿಯ ಮೂರನೇ ಎರಡು ಭಾಗ ಹೋಯ್ತು. ಶೇ. 99.9 ಇದ್ದರೆ 500 ಸಲದ ನಂತರ ಉಳಿಯೋದು ಶೇ. 61. ಶೇ. 99.99 ಮುಟ್ಟಿದರೆ ಮಾತ್ರ 500 ಸಲದ ನಂತರವೂ ಶೇ. 95 ಉಳೀತದೆ. ದಶಮಾಂಶದ ನಂತರದ ಆ ಒಂದೊಂದು ಒಂಬತ್ತಕ್ಕಾಗಿ ಲ್ಯಾಬುಗಳು ವರ್ಷಗಟ್ಟಲೆ ಕೆಲಸ ಮಾಡಿವೆ.

ಸಣ್ಣದು ಮಾಡು, ಜಾಗ ಬಿಡು, ಅಂಟು ಬದಲಿಸು

ಮೊದಲ ದಾರಿ, ಕಣವನ್ನೇ ಸಣ್ಣದು ಮಾಡೋದು. ದೊಡ್ಡ ಗಡ್ಡೆ ಒಡೀತದೆ, ಸಣ್ಣ ಕಣ ಒಡೆಯದೆ ಉಬ್ಬಿ ಕುಗ್ಗಬಲ್ಲದು. 2012ರಲ್ಲಿ ಎಲೆಕ್ಟ್ರಾನ್ ಮೈಕ್ರೊಸ್ಕೋಪಿನೊಳಗೇ ಸಿಲಿಕಾನ್ ಕಣಕ್ಕೆ ಲಿಥಿಯಂ ತುಂಬಿ ನೋಡಿದಾಗ ಸುಮಾರು 150 ನ್ಯಾನೊಮೀಟರಿಗಿಂತ ಸಣ್ಣ ಕಣಗಳು ಬಿರುಕು ಬಿಡೋದಿಲ್ಲ ಅಂತ ಕಂಡುಬಂತು. ಅದಕ್ಕೂ ಮೊದಲು, 2008ರಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ ಯಿ ಕುಯ್ ಅವರ ತಂಡ ಸಿಲಿಕಾನ್ ನ್ಯಾನೊತಂತಿಗಳನ್ನು ಲೋಹದ ಹಾಳೆಯ ಮೇಲೆ ಹುಲ್ಲಿನಂತೆ ಬೆಳೆಸಿ ತೋರಿಸಿತ್ತು. ಪಕ್ಕದಲ್ಲಿ ಖಾಲಿ ಜಾಗ ಇದ್ದದ್ದರಿಂದ ತಂತಿಗಳು ಆರಾಮಾಗಿ ದಪ್ಪ ಆಗ್ತಿದ್ದವು. ಆದರೆ ಇಲ್ಲೊಂದು ಪೇಚಿದೆ. 10 ಮೈಕ್ರಾನಿನ ಕಣವನ್ನು 100 ನ್ಯಾನೊಮೀಟರಿಗೆ ಇಳಿಸಿದರೆ ಒಂದು ಗ್ರಾಂ ಸಿಲಿಕಾನಿನ ಮೇಲ್ಮೈ ನೂರು ಪಟ್ಟು ಹೆಚ್ಚಾಗ್ತದೆ. ಮೇಲ್ಮೈ ಹೆಚ್ಚಾದಷ್ಟೂ ಕೆನೆ ಹೆಚ್ಚು. ಬಿರುಕು ಉಳಿಸಲು ಹೋಗಿ ಲಿಥಿಯಂ ಕಳಕೊಂಡಂಗ ಆಯ್ತು.

ಎರಡನೇ ದಾರಿ, ಖಾಲಿ ಜಾಗವನ್ನು ಮೊದಲೇ ಕಟ್ಟಿಡೋದು. 2014ರಲ್ಲಿ ಅದೇ ತಂಡ ಮಾಡಿದ್ದು ದಾಳಿಂಬೆ ವಿನ್ಯಾಸ. ಪ್ರತಿ ಸಿಲಿಕಾನ್ ಕಣದ ಸುತ್ತ ಸ್ವಲ್ಪ ಖಾಲಿ ಜಾಗ, ಅದರ ಸುತ್ತ ಇಂಗಾಲದ ಚಿಪ್ಪು, ಇಂಥ ನೂರಾರು ಕಾಳುಗಳನ್ನು ಒಟ್ಟು ಮಾಡಿ ಹೊರಗೆ ಇನ್ನೊಂದು ಇಂಗಾಲದ ಸಿಪ್ಪೆ. ಸಿಲಿಕಾನ್ ಒಳಗೆ ಉಬ್ಬುತ್ತದೆ, ಎಲೆಕ್ಟ್ರೊಲೈಟ್ ಮುಟ್ಟೋದು ಹೊರಗಿನ ಸಿಪ್ಪೆಯನ್ನು ಮಾತ್ರ, ಹಾಗಾಗಿ ಕೆನೆ ಹರಿಯೋದಿಲ್ಲ. ಈಗಿನ ಸಿಲಿಕಾನ್-ಕಾರ್ಬನ್ ಸಾಮಗ್ರಿಯಲ್ಲೂ ಇದೇ ವಿಚಾರ ಇದೆ. ತೂತು ತೂತಾದ ಇಂಗಾಲದೊಳಗೆ ಸೈಲೇನ್ ಅನಿಲ ಹಾಯಿಸಿ ಆ ತೂತುಗಳಲ್ಲೇ ಸಿಲಿಕಾನ್ ಬೆಳೆಸೋದು, ಸ್ವಲ್ಪ ಜಾಗ ಖಾಲಿ ಬಿಡೋದು. ನಮ್ಮ ಕಾಲುವೆಯ ಮಧ್ಯಸ್ಥ ಪದರದ ಕೆಲಸವನ್ನು ಇಲ್ಲಿ ಇಂಗಾಲ ಮಾಡ್ತಿದೆ.

ಮೂರನೇ ದಾರಿ ನಮಗೆ ಬಹಳ ಹಿಡಿಸಿದ್ದು: ಅಂಟು. ಆ್ಯನೋಡಿನ ಪುಡಿಯನ್ನು ತಾಮ್ರದ ಹಾಳೆಗೆ ಹಿಡಿಸಲು ಬೈಂಡರ್ ಬೇಕು. ಗ್ರಾಫೈಟಿಗೆ ಬಹಳ ಕಾಲ ಬಳಸಿದ್ದು ಪಿವಿಡಿಎಫ್ ಅನ್ನೋ ಪ್ಲಾಸ್ಟಿಕ್. ಸಿಲಿಕಾನ್ ಉಬ್ಬಿದರೆ ಅದರ ಹಿಡಿತ ಬಿಟ್ಟುಹೋಗ್ತದೆ. 2011ರಲ್ಲಿ ಅಮೆರಿಕದ ಸಂಶೋಧಕರು ಕಂದು ಸಮುದ್ರಕಳೆಯಿಂದ ಬರುವ ಆಲ್ಜಿನೇಟನ್ನು ಬಳಸಿ ಬಹಳ ಉತ್ತಮ ಫಲಿತಾಂಶ ಪಡೆದರು. ಇಂಥ ಸಸ್ಯಜನ್ಯ ಅಂಟುಗಳ ಸರಪಳಿಯಲ್ಲಿರುವ ಗುಂಪುಗಳು ಸಿಲಿಕಾನ್ ಮೇಲಿರುವ ತೆಳು ಆಕ್ಸೈಡ್ ಪದರದ ಜೊತೆ ಹೈಡ್ರೊಜನ್ ಬಂಧ ಕಟ್ತಾವೆ. ಆ ಬಂಧ ಬಿಟ್ಟರೂ ಮತ್ತೆ ಕೂಡ್ತದೆ. ಆಮೇಲೆ ಗ್ವಾರ್ ಗಮ್ ಕೂಡ ಪ್ರಯೋಗಕ್ಕೆ ಬಂತು. ಗ್ವಾರ್ ಅಂದ್ರೆ ಬೇರೇನಲ್ಲ, ನಮ್ಮ ಸಂತೆಯಲ್ಲಿ ಸಿಗುವ ಚವಳಿಕಾಯಿ. ಅದರ ಬೀಜದ ಅಂಟು. ಪಿವಿಡಿಎಫ್ ಕರಗಿಸಲು ಎನ್‌ಎಂಪಿ ಅನ್ನೋ ವಿಷಕಾರಿ ದ್ರಾವಕ ಬೇಕು, ಚವಳಿಕಾಯಿ ಅಂಟಿಗೆ ನೀರು ಸಾಕು.

ಹತ್ತು ಪಟ್ಟು ಎಲ್ಲಿ ಹೋಯ್ತು

ಇಷ್ಟೆಲ್ಲ ಮಾಡಿ, ಶುದ್ಧ ಸಿಲಿಕಾನ್ ಆ್ಯನೋಡ್ ಪೂರ್ತಿ ಯಶಸ್ವಿ ಆಯ್ತು ಅಂದ್ಕೊಳ್ಳೋಣ. ಆಗಲೂ ಫೋನಿಗೆ ಹತ್ತು ಪಟ್ಟು ಬರೋದಿಲ್ಲ. 1000 ಎಂಎಎಚ್ ಸೆಲ್ ಕಟ್ಟೋಣ. ಕ್ಯಾಥೋಡ್ ಗ್ರಾಂಗೆ 180 ಎಂಎಎಚ್ ಕೊಡ್ತದೆ ಅಂತ ಹಿಡಿದರೆ ಅದು 5.56 ಗ್ರಾಂ ಬೇಕು. ಜೊತೆಗೆ ಗ್ರಾಫೈಟ್ 2.69 ಗ್ರಾಂ. ಒಟ್ಟು 8.25 ಗ್ರಾಂ. ಗ್ರಾಫೈಟ್ ತೆಗೆದು ಸಿಲಿಕಾನ್ ಹಾಕಿದರೆ 0.28 ಗ್ರಾಂ ಸಾಕು, ಒಟ್ಟು 5.84 ಗ್ರಾಂ. ಅಂದರೆ ಅದೇ ತೂಕಕ್ಕೆ ಸುಮಾರು 1.4 ಪಟ್ಟು ಚಾರ್ಜ್, ಅಷ್ಟೇ. ಕ್ಯಾಥೋಡಿನ ತೂಕ ಇದ್ದಲ್ಲೇ ಇದೆಯಲ್ಲ! ತಾಮ್ರದ ಹಾಳೆ, ಕವಚ, ಉಬ್ಬಲು ಬಿಟ್ಟ ಖಾಲಿ ಜಾಗ, ಗ್ರಾಫೈಟಿಗಿಂತ ಸ್ವಲ್ಪ ಕಡಿಮೆ ಸಿಗುವ ವೋಲ್ಟೇಜ್ ಎಲ್ಲ ಸೇರಿಸಿದರೆ ಇನ್ನೂ ಕೆಳಗಿಳೀತದೆ.

ಅದಕ್ಕೇ ಕಂಪನಿಗಳು ಶುದ್ಧ ಸಿಲಿಕಾನಿಗೆ ಹಟ ಹಿಡಿಯದೆ ಗ್ರಾಫೈಟಿನಲ್ಲಿ ಸ್ವಲ್ಪ ಬೆರೆಸ್ತಾವೆ. ಶೇ. 10 ಸಿಲಿಕಾನ್, ಶೇ. 90 ಗ್ರಾಫೈಟ್ ಬೆರೆಸಿದರೆ ಲೆಕ್ಕದ ಪ್ರಕಾರ ಗ್ರಾಂಗೆ 693 ಎಂಎಎಚ್. ಹತ್ತನೇ ಒಂದು ಭಾಗ ಬೆರೆಸಿದ್ದಕ್ಕೇ ಆ್ಯನೋಡಿನ ಸಾಮರ್ಥ್ಯ ಹೆಚ್ಚುಕಡಿಮೆ ಎರಡು ಪಟ್ಟು, ಉಬ್ಬುವುದು ಮಾತ್ರ ಹತೋಟಿಯಲ್ಲಿ. ಲಾಭದ ಬಹುಪಾಲು ಮೊದಲ ಸ್ವಲ್ಪ ಸಿಲಿಕಾನಿನಲ್ಲೇ ಸಿಕ್ಕಿಬಿಡುತ್ತದೆ. ಶೇ. 11 ಅನ್ನೋದು ಈಗ ಅಷ್ಟು ಸಣ್ಣ ಸಂಖ್ಯೆಯಾಗಿ ಕಾಣೋದಿಲ್ಲ.

ಭತ್ತದ ಹೊಟ್ಟಿನ ಲೆಕ್ಕ

ನಮ್ಮ ಕಾಲೇಜುಗಳಲ್ಲಿ ಈ ವಿಷಯ ಬಂದರೆ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ: "ಭತ್ತದ ಹೊಟ್ಟಿನಿಂದ ಸಿಲಿಕಾನ್ ತೆಗೀಬಹುದಂತೆ, ಪ್ರಾಜೆಕ್ಟ್ ಮಾಡೋಣ". ಮಾತು ನಿಜ. ಭತ್ತದ ಗಿಡ ಮಣ್ಣಿನ ಸಿಲಿಕಾವನ್ನು ಬೇರಿನಿಂದ ಎಳೆದು ಹೊಟ್ಟಿನಲ್ಲಿ ಕೂಡಿಡ್ತದೆ. ಹೊಟ್ಟಿನ ತೂಕದಲ್ಲಿ ಶೇ. 15ರಿಂದ 20ರಷ್ಟು ಸಿಲಿಕಾ, ಅದೂ ಸೂಕ್ಷ್ಮ ರಂಧ್ರಗಳಿರುವ ರೂಪದಲ್ಲಿ. 2013ರಲ್ಲಿ ಕೊರಿಯಾ ಮತ್ತು ಅಮೆರಿಕದ ತಂಡಗಳು ಇದರಿಂದ ಸಿಲಿಕಾನ್ ಮಾಡಿ ಬ್ಯಾಟರಿಯಲ್ಲಿ ಪರೀಕ್ಷಿಸಿ ಪ್ರಕಟಿಸಿವೆ. ಗಂಗಾವತಿ, ಸಿಂಧನೂರಿನ ಗಿರಣಿಗಳಲ್ಲಿ ಹೊಟ್ಟಿನ ಗುಡ್ಡೆ ನೋಡಿದವರಿಗೆ, ಕಲಘಟಗಿ ಕಡೆ ಭತ್ತ ಬೆಳೆಯುವವರ ಮನೆಯ ಮಕ್ಕಳಿಗೆ ಆಸೆ ಆಗೋದು ಸಹಜ.

ಆದರೆ ಲೆಕ್ಕ ಪೂರ್ತಿ ಮಾಡೋಣ. ಒಂದು ಕ್ವಿಂಟಲ್ ಭತ್ತಕ್ಕೆ ಸುಮಾರು 20 ಕಿಲೊ ಹೊಟ್ಟು, ಅದರಲ್ಲಿ ಸುಮಾರು 3 ಕಿಲೊ ಸಿಲಿಕಾ. ಸಿಲಿಕಾದಲ್ಲಿ ಸಿಲಿಕಾನಿನ ಪಾಲು ಶೇ. 47, ಹಾಗಾಗಿ ಹೆಚ್ಚೆಂದರೆ 1.4 ಕಿಲೊ ಸಿಲಿಕಾನ್. ಆಮ್ಲಜನಕ ಕಿತ್ತು ಹಾಕಲು ಮೆಗ್ನೀಸಿಯಂ ಪುಡಿ ಬೆರೆಸಿ ಸುಮಾರು 650 ಡಿಗ್ರಿಗೆ ಕಾಯಿಸ್ತಾರೆ. ಒಂದು ಸಿಲಿಕಾ ಅಣುವಿಗೆ ಎರಡು ಮೆಗ್ನೀಸಿಯಂ, ಅಂದರೆ 3 ಕಿಲೊ ಸಿಲಿಕಾಕ್ಕೆ 2.4 ಕಿಲೊ ಮೆಗ್ನೀಸಿಯಂ. ಸಿಗುವ ಸಿಲಿಕಾನಿಗಿಂತ ಹಾಕುವ ಮೆಗ್ನೀಸಿಯಮ್ಮೇ ಹೆಚ್ಚು! ಕ್ರಿಯೆ ನಡೆಯುವಾಗ ತಾನೇ ಎಷ್ಟು ಬಿಸಿ ಹುಟ್ಟಿಸ್ತದೆ ಅಂದ್ರೆ ಆ ಸೂಕ್ಷ್ಮ ರಂಧ್ರಗಳು ಕರಗಿ ಮುಚ್ಚಿಹೋಗ್ತಾವೆ. ಬಿಸಿ ಹೀರಲು ನಡುವೆ ಅಡಿಗೆ ಉಪ್ಪು ಬೆರೆಸೋದು ಅದಕ್ಕೇ. ಕೊನೆಗೆ ಮೆಗ್ನೀಸಿಯಂ ಆಕ್ಸೈಡ್ ತೊಳೆಯಲು ಹೈಡ್ರೊಕ್ಲೋರಿಕ್ ಆಮ್ಲ ಬೇಕು.

ಇದಕ್ಕಿಂತ ತಮಾಷೆ ಒಂದಿದೆ. ಪಿಜನ್ ಪ್ರಕ್ರಿಯೆ ಅನ್ನೋ ಹೆಸರಾದ ವಿಧಾನದಲ್ಲಿ ಮೆಗ್ನೀಸಿಯಂ ತಯಾರಿಸೋದು ಡೋಲೊಮೈಟ್ ಕಲ್ಲಿಗೆ ಫೆರೊಸಿಲಿಕಾನ್ ಬೆರೆಸಿ ಕಾಯಿಸಿ. ಅಂದರೆ ಸಿಲಿಕಾನ್ ಖರ್ಚು ಮಾಡಿ ಮೆಗ್ನೀಸಿಯಂ, ಆ ಮೆಗ್ನೀಸಿಯಂ ಖರ್ಚು ಮಾಡಿ ಮತ್ತೆ ಸಿಲಿಕಾನ್. ಹೊಟ್ಟು ಪುಕ್ಕಟೆ ಸಿಕ್ಕರೂ ಸಿಲಿಕಾನ್ ಪುಕ್ಕಟೆ ಅಲ್ಲ. ಹೊಟ್ಟಿನ ನಿಜವಾದ ಬೆಲೆ ಇರೋದು ಅದರ ರಂಧ್ರಗಳ ರಚನೆಯಲ್ಲಿ. ಅದನ್ನು ಉಳಿಸಿಕೊಳ್ಳಲು ಆಗದಿದ್ದರೆ ಮರಳಿನಿಂದ ಮಾಡಿದ ಸಿಲಿಕಾನೇ ಸಾಕು.

ಓದುವಾಗ ಕೇಳಬೇಕಾದ ಪ್ರಶ್ನೆಗಳು

2022ರಲ್ಲಿ ಕೇಂದ್ರದ ಪಿಎಲ್‌ಐ ಯೋಜನೆಯಡಿ ರಾಜೇಶ್ ಎಕ್ಸ್‌ಪೋರ್ಟ್ಸ್ ಆಯ್ಕೆಯಾಗಿ, 5 ಗಿಗಾವಾಟ್-ಅವರ್ ಬ್ಯಾಟರಿ ಕಾರ್ಖಾನೆಗೆ ಧಾರವಾಡದ ಹೆಸರು ಕೇಳಿಬಂದಾಗಿನಿಂದ ನಮ್ಮ ಕಡೆಯ ಹುಡುಗ-ಹುಡುಗಿಯರಲ್ಲಿ ಬ್ಯಾಟರಿ ಬಗ್ಗೆ ಆಸಕ್ತಿ ಹೆಚ್ಚಿದೆ. ಇಂಥ ಕೆಲಸಕ್ಕೆ ನಾಳೆ ಹೋಗುವವರು ನಾವೇ ಆದ್ದರಿಂದ, 'ಹತ್ತು ಪಟ್ಟು' ಅನ್ನೋ ಹೆಡ್‌ಲೈನ್ ಕಂಡಾಗ ಮೂರು ಪ್ರಶ್ನೆ ಕೇಳೋ ಅಭ್ಯಾಸ ಈಗಲೇ ಇರಲಿ.

ಒಂದು: ಗ್ರಾಂಗೆ ಇಷ್ಟು ಅಂದ್ರೆ ಯಾವುದರ ಗ್ರಾಂ? ಸಿಲಿಕಾನಿನದ್ದು ಮಾತ್ರವೋ, ಅಂಟು-ಇಂಗಾಲ ಸೇರಿದ ಇಡೀ ಆ್ಯನೋಡಿನದ್ದೋ?

ಎರಡು: ಹಾಫ್ ಸೆಲ್ಲಾ, ಫುಲ್ ಸೆಲ್ಲಾ? ಹಾಫ್ ಸೆಲ್ಲಿನಲ್ಲಿ ಎದುರಿಗೆ ಇಡೋದು ಲಿಥಿಯಂ ಲೋಹದ ತುಂಡು. ಕೆನೆ ಎಷ್ಟು ಲಿಥಿಯಂ ತಿಂದರೂ ಅಲ್ಲಿಂದ ತುಂಬಿಕೊಳ್ತಾ ಹೋಗ್ತದೆ, ನಷ್ಟ ಕಾಣೋದೇ ಇಲ್ಲ. ಅಪ್ಪನ ಎಟಿಎಂ ಕಾರ್ಡ್ ಕೈಯಲ್ಲಿದ್ದಾಗ ತಿಂಗಳ ಖರ್ಚು ಗೊತ್ತಾಗದಂಗ. ಫುಲ್ ಸೆಲ್ಲಿನಲ್ಲಿ ಜೇಬಿನಲ್ಲಿದ್ದಷ್ಟೇ.

ಮೂರು: ಎಷ್ಟು ಸಲ ಚಾರ್ಜ್ ಮಾಡಿದ ನಂತರದ ಅಂಕಿ ಇದು, ಪ್ರತಿ ಸಲ ಎಷ್ಟು ಒಂಬತ್ತು?

ಪ್ರಾಜೆಕ್ಟ್ ಹುಡುಕ್ತಿರುವ ಸೀನಿಯರ್‌ಗಳಿಗೆ ಒಂದು ಮಾತು. ಲಿಥಿಯಂ ಸೆಲ್ ಜೋಡಿಸಲು ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ ಬೇಕು, ಅದು ಎಲ್ಲ ಕಡೆ ಇರೋದಿಲ್ಲ. ಆದರೆ ಅಂಟಿನ ಪ್ರಶ್ನೆಗೆ ಅದು ಬೇಕಿಲ್ಲ. ಚವಳಿಕಾಯಿ ಅಂಟಿನಲ್ಲಿ ಸಿಲಿಕಾನ್ ಪುಡಿ ಕಲಸಿ ತಾಮ್ರದ ಹಾಳೆಗೆ ಹಚ್ಚಿ ಒಣಗಿಸಿ, ಟೇಪ್ ಅಂಟಿಸಿ ಎಳೆದು ಎಷ್ಟು ಬಲಕ್ಕೆ ಕಿತ್ತುಬರ್ತದೆ ಅಂತ ಅಳೆಯಬಹುದು. ಪಿವಿಡಿಎಫ್ ಜೊತೆ ಹೋಲಿಸಬಹುದು, ಅಂಟಿನ ಪ್ರಮಾಣ ಬದಲಿಸಿ ಮತ್ತೆ ನೋಡಬಹುದು. ಅದಕ್ಕೆ ಬೇಕಾದದ್ದು ಬಲ ಅಳೆಯುವ ಯಂತ್ರ, ಅದು ಮೆಕ್ಯಾನಿಕಲ್ ಬ್ರಾಂಚಿನ ಲ್ಯಾಬಿನಲ್ಲಿ ಸಿಗುವಂಥದ್ದು. ಉಬ್ಬುವ ವಸ್ತುವಿನ ಮೇಲೆ ಪದರ ಹೇಗೆ ನಿಲ್ಲುತ್ತದೆ ಅನ್ನೋ ಲೆಕ್ಕಕ್ಕೆ ಸಿವಿಲ್‌ನಿಂದ ಒಬ್ಬರನ್ನು ಟೀಮಿಗೆ ಸೇರಿಸಿಕೊಂಡರೆ ಇನ್ನೂ ಒಳ್ಳೇದು.